ಗೇರ್ ಕಲಿತ ಕೈ

ಬೆಳಿಗ್ಗೆ ಆರೂವರೆಗೆ ಜಾಮ್ಫಿ ಅಜ್ಜ ವಠಾರದ ಅಂಗಳದಲ್ಲಿ ನಿಂತು ಬಲಗೈ ಚಾಚಿದ. ಅಜೆಕುಮ್ ತನ್ನ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಡೆದದ್ದು ಇಷ್ಟೇ. ನಮ್ಮ ಕುಮಾಸಿ ಪಟ್ಟಣದಲ್ಲಿ ಒಬ್ಬ ಮನುಷ್ಯ ಹಾಳಾಗಿ ಹೋಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಬೇಕಾಗಿಲ್ಲ.

"ಏನೋ ಇದು?" ಅಂದ ಅಜ್ಜ. ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು. "ಎರಡು ವರ್ಷ ಎಡಗೈ ಕೊಟ್ಟೆ, ಪಾಪ ಅಂತ ಸುಮ್ಮನಿದ್ದೆ. ಇವತ್ತು ಬಲಗೈ ಬಂದಿದೆ. ಅದನ್ನೂ ಕೊಡಲ್ವಾ?"

"ಅಜ್ಜಾ, ತಪ್ಪು ತಿಳೀಬೇಡಿ. ಇವತ್ತೊಂದು ದಿನ..."

"ಇವತ್ತೊಂದು ದಿನ ನಾನು ನಿನಗೆ ಹಿರಿಯ ಅಲ್ವಾ?"

ಅಜ್ಜ ವಠಾರದ ಯಜಮಾನ. ಹದಿನಾಲ್ಕು ಕೋಣೆ, ಒಂದು ನಲ್ಲಿ, ಎರಡು ಕಕ್ಕಸು, ಎಲ್ಲಾ ಅವನದೇ. ಚಾಚಿದ ಕೈಯನ್ನು ಮಡಚಿಕೊಂಡು, ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, ಒಳಗೆ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಜೆಕುಮ್‌ಗೂ ಕೈ ಕೊಡಬೇಕೆಂಬ ಆಸೆ ಇಲ್ಲದೆ ಇರಲಿಲ್ಲ. ಎರಡು ವರ್ಷದಿಂದ ಅವನು ಕನಸಲ್ಲಿ ಕೂಡ ಜನರ ಕೈ ಕುಲುಕುತ್ತಿದ್ದ. ಹದಿನೆಂಟು ವರ್ಷ ಕೆಜೆಟಿಯಾ ನಿಲ್ದಾಣದಿಂದ ಟ್ರೊಟ್ರೊ, ಅಂದರೆ ಜನ ಸಾಗಿಸುವ ಬಾಡಿಗೆ ವ್ಯಾನು, ಓಡಿಸಿದವನು ಅವನು. ಒಂದು ದಿನ ಕೆಟ್ಟು ನಿಂತ ಗಾಡಿಯ ಇಂಜಿನ್ನಿನೊಳಗೆ ಬಗ್ಗಿ ನೋಡುತ್ತಿದ್ದಾಗ ಫ್ಯಾನು ತಿರುಗಿತು; ಬಲಗೈ ಮೊಣಕೈಯಿಂದ ಕೆಳಗೆ ತುಂಡಾಗಿ ಹೋಯಿತು. ನಮ್ಮಲ್ಲಿ ಎಡಗೈ ಯಾವುದಕ್ಕೆ ಅಂತ ಮಕ್ಕಳಿಗೂ ಗೊತ್ತು. ಎಡಗೈಯಲ್ಲಿ ಕೊಟ್ಟರೆ ಅವಮಾನ, ಇಸ್ಕೊಂಡರೆ ಅವಮಾನ, ಬೊಟ್ಟು ಮಾಡಿದರೆ ಜಗಳ. ಹಾಗಾಗಿ ಅಜೆಕುಮ್ ಎರಡು ವರ್ಷ ಬಾಯಿ ಬಿಟ್ಟಾಗೆಲ್ಲ ಮೊದಲು "ಸೆಬೆ, ಎಡಗೈ, ಕ್ಷಮಿಸಿ" ಅಂತಲೇ ಬದುಕಿದ. ಒಂದು ಬಾಳೆಹಣ್ಣು ಕೊಳ್ಳಬೇಕಾದರೂ ಮೊದಲು ಕ್ಷಮೆ, ಆಮೇಲೆ ಬಾಳೆಹಣ್ಣು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ನಮ್ಮ ಗಾಡಿಗಳಲ್ಲಿ ಗೇರ್ ಇರುವುದು ಡ್ರೈವರನ ಬಲಕ್ಕೆ. ಒಮ್ಮೆ ಹಟ ಹಿಡಿದು, ಎಡಗೈಯನ್ನೇ ಅಡ್ಡ ಚಾಚಿ ಗೇರ್ ಹಾಕಲು ಹೋದ. ಸ್ಟಿಯರಿಂಗು ಅನಾಥವಾಯಿತು, ಗಾಡಿ ಹೋಗಿ ಒಬ್ಬಳ ಮೀನಿನ ಅಂಗಡಿಯಲ್ಲಿ ನಿಂತಿತು. ಗಾಡಿಯ ಒಡತಿ ಬಿರಾಗೊ ಅವತ್ತೇ ಕೀ ಕಿತ್ತುಕೊಂಡಳು. ಕೆಟ್ಟವಳಲ್ಲ ಅವಳು. ಬಾಡಿಗೆ ಡ್ರೈವರುಗಳನ್ನು ಇಟ್ಟುಕೊಂಡು ಇಷ್ಟು ದಿನ ಕಾದಳು. ಕೊನೆಗೆ ಹೋದ ವಾರ ಹೇಳಿದಳು: "ಗುರುವಾರ ಸಂಜೆ ಐದಕ್ಕೆ ನಿಲ್ದಾಣಕ್ಕೆ ಬಾ. ನಿನ್ನ ಆ ಮಿಷನ್ ಕೈಯಲ್ಲಿ ಗೇರ್ ಹಾಕಿ ಒಂದು ಸುತ್ತು ಹೊಡೆದು ತೋರಿಸು. ಆದರೆ ಗಾಡಿ ನಿನ್ನದು. ಆಗಲಿಲ್ಲ ಅಂದ್ರೆ ಶುಕ್ರವಾರದಿಂದ ಕಾಯಂ ಬೇರೆಯವನು."

ಇವತ್ತು ಗುರುವಾರ.

ಕೈ ತಂದುಕೊಟ್ಟವಳು ವಿಶ್ವವಿದ್ಯಾಲಯದ ಇಂಜಿನಿಯರ್ ಅಸಾಬಿಯಾ. ಬೆಳಿಗ್ಗೆ ಆರಕ್ಕೆ ಬಂದು, ಮೊಂಡುತೋಳಿಗೆ ಪಟ್ಟಿ ಕಟ್ಟಿ, ಕರಿಯ ಕೈ ಸಿಕ್ಕಿಸಿ, ಅದರಲ್ಲಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಯನ್ನು ತೋರಿಸಿದಳು. ಅದರ ಮೇಲೊಂದು ಹಸಿರು ದೀಪ ಮಿಣುಕುತ್ತಿತ್ತು.

"ಅಣ್ಣಾ, ಸರಿಯಾಗಿ ಕೇಳಿಸ್ಕೊಳ್ಳಿ. ಇದರೊಳಗಿರೋ ಚಿಪ್ಪು ಮಾಮೂಲಿ ಕಂಪ್ಯೂಟರಿನ ಥರ ಅಲ್ಲ. ಯಾರೋ ಬರೆದುಕೊಟ್ಟಿದ್ದನ್ನ ಓದಲ್ಲ. ನಿಮ್ಮ ತೋಳಿನ ಸ್ನಾಯು ಹೇಗೆ ಮಿಡಿಯುತ್ತೆ, ಮೈ ಹೇಗೆ ಬಿಗಿಯುತ್ತೆ ಅಂತ ನೋಡಿ, ತನ್ನೊಳಗಿನ ಜೋಡಣೆಯನ್ನ ತಾನೇ ಬಿಚ್ಚಿ ತಾನೇ ಕಟ್ಕೊಳ್ಳುತ್ತೆ. ಹಸಿರು ದೀಪ ಇರೋವರೆಗೆ ಕಲೀತಿರುತ್ತೆ. ನಾಲ್ಕು ಗಂಟೆಗೆ ಕೆಂಪಾಗುತ್ತೆ, ಅಲ್ಲಿಗೆ ಬೀಗ. ಮತ್ತೆ ತೆಗೆಯೋಕೆ ನಾನೇ ಬರ್ಬೇಕು. ನಾನು ಇವತ್ತು ಪ್ಲೇನ್ ಹತ್ತಿದ್ರೆ ವಾಪಸ್ ಬರೋದು ಮೂರು ತಿಂಗಳಿಗೆ."

"ಏನು ಕಲಿಸ್ಲಿ ತಾಯಿ?"

"ನಿಮಗೆ ಯಾವುದು ಬೇಕೋ ಅದನ್ನ. ಆದರೆ ಒಂದೇ ಒಂದು ಕಲಿಸಿ. ಹತ್ತು ಕಲಿಸೋಕೆ ಹೋದ್ರೆ ಒಂದೂ ಕಲಿಯಲ್ಲ. ನಮ್ಮ ಲ್ಯಾಬಲ್ಲಿ ಒಬ್ಬರಿಗೆ ಚಮಚ ಹಿಡಿಯೋದು, ಬಾಗಿಲು ತೆಗೆಯೋದು ಎರಡೂ ಕಲಿಸಿದ್ವಿ. ಈಗ ಅವರು ಬಾಗಿಲಿಗೆ ಉಣ್ಣಿಸ್ತಾರೆ."

ಇಂಥ ಮಾತು ಕೇಳಿದ ಮೇಲೆ ಅಜೆಕುಮ್ ಯಾರಿಗೆ ತಾನೇ ಕೈ ಕೊಟ್ಟಾನು? ಹಳೇ ಗಾಡಿಯೊಂದರ ಗೇರ್ ರಾಡನ್ನು ಬಣ್ಣದ ಡಬ್ಬಿಯಲ್ಲಿ ಮರಳು ತುಂಬಿ ನೆಟ್ಟುಕೊಂಡು ತನ್ನ ಕೋಣೆಯ ಮುಂದೆ ಕೂತ. ಹಿಡಿ, ಒತ್ತು, ಎಳೆ, ಬಿಡು. ಹಿಡಿ, ಒತ್ತು, ಎಳೆ, ಬಿಡು. ಕೈ ಮೊದಮೊದಲು ಕುಡಿದವನ ಹಾಗೆ ಗಾಳಿಯಲ್ಲಿ ತಡಕಾಡುತ್ತಿತ್ತು.

ಏಳು ಗಂಟೆಗೆ ಗಂಜಿ ಮಾರುವ ಪೊಕುವಾ ಬಂದಳು. "ಅಯ್ಯೋ ದೇವ್ರೇ, ಕೈ ಬಂತಾ! ಕೊಡು ಕೊಡು, ಮೊದಲ ಕೈ ನನಗೇ ಕೊಡು!"

"ಬೇಡಕ್ಕಾ. ನಾಳೆ ಕೊಡ್ತೀನಿ."

"ನಾಳೆ? ಎರಡು ವರ್ಷ ಸಾಲಕ್ಕೆ, ಅದೂ ಹಾಲು ಹಾಕಿ ಗಂಜಿ ಕೊಟ್ಟಿದೀನಿ ನಿನಗೆ. ನಂದೇನು ಕೊಳಕು ಕೈಯಾ?" ಅವಳು ಗಂಜಿ ಪಾತ್ರೆ ಎತ್ತಿ ತಲೆ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಅವಳ ಗಂಜಿ ಅರ್ಧ ಊರು ಕುಡಿಯುತ್ತದೆ. ಗಂಜಿಯ ಜೊತೆಗೆ ಸುದ್ದಿ ಬಿಟ್ಟಿ.

ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ ನಾವು. ಎಂಟು ಗಂಟೆಗೆ ಸುದ್ದಿ: ಅಜೆಕುಮ್‌ಗೆ ವಿಶ್ವವಿದ್ಯಾಲಯದ ಕೈ ಬಂದಿದೆ, ಅಹಂಕಾರವೂ ಬಂದಿದೆ. ಎಂಟೂವರೆಗೆ: ಆ ಕೈ ಮುಟ್ಟಿದರೆ ಶಾಕ್ ಹೊಡೆಯುತ್ತದಂತೆ. ಒಂಬತ್ತಕ್ಕೆ: ಅದು ಸತ್ತ ಬಿಳಿಯನೊಬ್ಬನ ಕೈಯಂತೆ, ಅದಕ್ಕೇ ನಮ್ಮವರಿಗೆ ಕೊಡುವುದಿಲ್ಲವಂತೆ. ಕಪ್ಪಗಿದೆಯಲ್ಲ ಅಂತ ಒಬ್ಬ ಕೇಳಿದ್ದಕ್ಕೆ, ಬಣ್ಣ ಹೊಡೆದಿದ್ದಾರೆ ಅಂತ ಉತ್ತರ ಬಂತು.

ಹತ್ತು ಗಂಟೆಗೆ ಜಾಮ್ಫಿ ಅಜ್ಜ ಪಂಚಾಯಿತಿ ಕರೆದ. ಅಂಗಳದ ಮಧ್ಯೆ ಕುರ್ಚಿ ಹಾಕಿಕೊಂಡು ಕೂತ. ವಠಾರದವರೆಲ್ಲ ಸ್ಟೂಲು ತಂದು ಸುತ್ತ ಕೂತರು. ಅಜೆಕುಮ್ ಗೇರಿನ ಡಬ್ಬಿಯನ್ನು ತೊಡೆಸಂದಿಯಲ್ಲಿ ಇಟ್ಟುಕೊಂಡೇ ಬಂದ. ಕೂತಲ್ಲೂ ಕೈ ನಿಲ್ಲಿಸಲಿಲ್ಲ. ಹಿಡಿ, ಒತ್ತು, ಎಳೆ, ಬಿಡು.

"ನೋಡಿ, ನೋಡಿ," ಅಂದಳು ಪೊಕುವಾ. "ಹಿರಿಯರ ಮುಂದೆ ಕೂತು ಏನೋ ಅಸಹ್ಯ ಮಾಡ್ತಿದಾನೆ."

"ಅಜೆಕುಮ್," ಅಂದ ಅಜ್ಜ, "ನಾನು ಕೈ ಚಾಚಿದೆ. ನೀನು ಕೊಡಲಿಲ್ಲ. ಯಾಕೆ?"

ಅಜೆಕುಮ್ ಗೇರಿನ ರಾಡಿನ ಮೇಲೆಯೇ ಕಣ್ಣಿಟ್ಟ. ಮಾತಾಡಿದರೆ ಎಲ್ಲಿ ಅತ್ತುಬಿಡುತ್ತೇನೋ ಅಂತ ಭಯ. ಅವನ ಹೆಂಡತಿ ದುಫಿ ಎದ್ದಳು. ಅವಳು ಮಾತಾಡುವುದೇ ಅಪರೂಪ. ಮಾತಾಡಿದರೆ ಗಂಡನನ್ನು ಬಿಡಿಸಿದಳೋ ಬೈದಳೋ ಅಂತ ಗೊತ್ತಾಗುವುದಿಲ್ಲ.

"ಅಜ್ಜಾ, ಇವನೊಬ್ಬ ಪೆದ್ದ, ಬಾಯಿ ಬಿಟ್ಟು ಹೇಳಲ್ಲ. ಆ ಕೈ ಇವತ್ತು ಸಂಜೆ ನಾಲ್ಕರ ತನಕ ಏನು ಮಾಡಿದ್ರೆ ಅದನ್ನೇ ಕಲಿಯುತ್ತೆ. ಕೈ ಕುಲುಕಿದ್ರೆ ಕುಲುಕೋದು ಕಲಿಯುತ್ತೆ. ಗೇರ್ ಹಾಕಿದ್ರೆ ಗೇರು. ಐದಕ್ಕೆ ಬಿರಾಗೊ ಪರೀಕ್ಷೆ. ಇವತ್ತು ಗಾಡಿ ಸಿಗ್ಲಿಲ್ಲ ಅಂದ್ರೆ ಇನ್ನು ಸಿಗಲ್ಲ. ಎರಡು ವರ್ಷ ನಾನೊಬ್ಬಳೇ ಕಡಲೆಕಾಯಿ ಬೇಯಿಸಿ ಮಾರಿ ಈ ಮನುಷ್ಯನ್ನ ಸಾಕಿದೀನಿ. ಇನ್ನು ನನ್ನ ಕೈಲಾಗಲ್ಲ. ನಿಮಗೆಲ್ಲ ಕೈ ಕುಲುಕಬೇಕು ಅಂತಿದ್ರೆ ನನ್ನ ಕೈ ಕುಲುಕಿ, ಎರಡಿವೆ."

ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೈಯ ಹಸಿರು ದೀಪ ನೋಡಿದ.

"ಅಯ್ಯೋ ಮಂಕೇ," ಅಂದ. "ಇದನ್ನ ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು ನಿನಗೆ ರೋಗ?" ಆಮೇಲೆ ಕೋಲು ನೆಲಕ್ಕೆ ಕುಟ್ಟಿ ಅಪ್ಪಣೆ ಮಾಡಿದ: "ನಾಲ್ಕರ ತನಕ ಇವನ ಕೈಯನ್ನ ಯಾರೂ ಮುಟ್ಟಕೂಡದು. ಮುಟ್ಟಿದವರಿಗೆ ನಾಳೆ ನಲ್ಲಿ ನೀರಿಲ್ಲ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಜನ ಒಮ್ಮೆ ಕ್ಷಮಿಸಿದರೆ ಸಹಾಯವನ್ನೂ ಮಾಡಿಯೇ ಬಿಡುತ್ತಾರೆ. ಅಜೆಕುಮ್‌ನ ಹಳೇ ಮೇಟ್ ಟಾವಿಯಾ, ನಲವತ್ತು ದಾಟಿದ ಆಸಾಮಿ, ಗಾಡಿಯ ಬಾಗಿಲಲ್ಲಿ ನೇತಾಡಿಕೊಂಡು ಜನ ಕರೆದು ಕರೆದು ಗಂಟಲು ಒಡೆದುಕೊಂಡವನು, ಮುಂದೆ ಬಂದ.

"ಡಬ್ಬಿ ಇಟ್ಕೊಂಡು ಕೂತ್ರೆ ಕೈ ಕಲಿಯಲ್ಲ ಅಣ್ಣಾ. ಕಾಲಿಗೆ ಕ್ಲಚ್ ಬೇಕು. ಕ್ಲಚ್ ಒತ್ತದೆ ಗೇರ್ ಹಾಕ್ತಾರಾ ಯಾರಾದ್ರೂ?"

ಗಾಳಿ ಅರ್ಧ ಇಳಿದ ಫುಟ್‌ಬಾಲೊಂದನ್ನು ತಂದು ಅಜೆಕುಮ್‌ನ ಎಡಗಾಲಿನ ಕೆಳಗಿಟ್ಟ. ಪೊಕುವಾ ತನ್ನ ಗಂಜಿ ಪಾತ್ರೆಯ ಮುಚ್ಚಳವನ್ನು ಎಡಗೈಗೆ ಕೊಟ್ಟಳು, ಸ್ಟಿಯರಿಂಗು. "ಬರೀ ಡ್ರೈವರ್ ಇದ್ರೆ ಗಾಡಿ ಆಗುತ್ತಾ?" ಅಂತ ಅಜ್ಜ ತನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಮುಂದಿನ ಸೀಟು ಹಿಡಿದ. ಮಿಕ್ಕವರು ಹಿಂದೆ ನಾಲ್ಕು ಸಾಲು ಸ್ಟೂಲು ಹಾಕಿದರು. "ಕೆಜೆಟಿಯಾ, ಕೆಜೆಟಿಯಾ, ಕೆಜೆಟಿಯಾ!" ಅಂತ ಟಾವಿಯಾ ಕೂಗಿದ. ಗಾಡಿ ಹೊರಟಿತು.

ಆ ಪ್ರಯಾಣವನ್ನು ಕಣ್ಣಾರೆ ನೋಡಿದವನು ನಾನು, ಮೂರನೇ ಸಾಲಲ್ಲಿ ಕೂತಿದ್ದೆ. ಕಿಟಕಿಯೇ ಇಲ್ಲದ ಗಾಡಿಯಲ್ಲಿ ಕಿಟಕಿ ಸೀಟಿಗಾಗಿ ಇಬ್ಬರು ಜಗಳವಾಡಿದರು. ಪೊಕುವಾ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು "ಇದಕ್ಕೆ ಬೇರೆ ಚಾರ್ಜ್ ಕೊಡಲ್ಲ, ಈಗಲೇ ಹೇಳಿದೀನಿ" ಅಂದಳು. ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತು ನರಕದ ಬಗ್ಗೆ ಪ್ರಸಂಗ ಶುರುಮಾಡಿದಳು. ಅಜ್ಜ ಪ್ರತಿ ತಿರುವಿಗೂ "ನಿಧಾನ, ನಿಧಾನ, ನನಗಿನ್ನೂ ಸಾಯೋಕೆ ಮನಸ್ಸಿಲ್ಲ" ಅಂತಿದ್ದ. ಯಾರೋ ಕಕ್ಕಸಿನಿಂದ ಹೊರಗೆ ಬಂದವನು ಪೊಲೀಸ್ ಆಗಿ ಕೈ ಅಡ್ಡ ಹಿಡಿದ. ಕ್ಲಚ್, ಎರಡನೇ ಗೇರ್. ಹೋಗು ಅಂದ. ಕ್ಲಚ್, ಮೂರನೇ ಗೇರ್.

ಮಧ್ಯಾಹ್ನ ಫುಫು ಮುದ್ದೆ ತಿನ್ನಲು ಎಲ್ಲರೂ ಇಳಿದರು, ಡ್ರೈವರನ್ನು ಬಿಟ್ಟು. ಅವನಿಗೆ ದುಫಿ ಬಾಯಿಗಿಟ್ಟಳು. ತಿಂದು ಬಂದವರು ಅವರವರ ಸೀಟಲ್ಲಿ ಮತ್ತೆ ಕೂತರು. ಬಿಸಿಲಲ್ಲಿ ಬೆವರು ಸುರಿಸಿಕೊಂಡು, ಎಲ್ಲಿಗೂ ಹೋಗದೆ, ನಾಲ್ಕು ಗಂಟೆಯವರೆಗೆ ಇಪ್ಪತ್ತು ಜನ ಪ್ರಯಾಣ ಮಾಡಿದೆವು. ಕೈ ಮಾತ್ರ ನಿಜವಾಗಿಯೂ ಎಲ್ಲಿಗೋ ಹೋಗುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ತಡಕಾಟ ನಿಂತಿತು. ಮೂರಕ್ಕೆ ಅಜೆಕುಮ್ ನೋಡಬೇಕಾಗಿಯೂ ಇರಲಿಲ್ಲ. ಎಡಗಾಲು ಒತ್ತಿದ ಕೂಡಲೇ ಬೆರಳುಗಳು ಬಿಗಿಯುತ್ತಿದ್ದವು, ಮಣಿಕಟ್ಟು ತಾನಾಗಿ ತಿರುಗುತ್ತಿತ್ತು, ತೋಳು ಅದರ ಹಿಂದೆಯೇ ಹೋಗುತ್ತಿತ್ತು. ಕಾಲು ಎತ್ತಿದರೆ ಬೆರಳು ಬಿಡುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಆಮೇಲೆ ರಿವರ್ಸ್. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ.

ನಾಲ್ಕಕ್ಕೆ ದೀಪ ಕೆಂಪಾಯಿತು. ನರಕದ ಪ್ರಸಂಗ ನಿಂತಿತು. ಅಜ್ಜ ಕಣ್ಣೊರೆಸಿಕೊಂಡು, "ಕಲಿತುಬಿಡ್ತು ಕಣೋ ಮುಂಡೇದು," ಅಂದ. ಅಜೆಕುಮ್ ಎರಡು ವರ್ಷದಲ್ಲಿ ಮೊದಲ ಸಲ ನಕ್ಕ. ನಗುವುದು ಮರೆತುಹೋಗಿತ್ತು ಅಂತ ಕಾಣುತ್ತೆ, ನೋಡೋಕೆ ಚೆನ್ನಾಗಿರಲಿಲ್ಲ.

ಐದಕ್ಕೆ ಇಡೀ ವಠಾರ ನಿಲ್ದಾಣದಲ್ಲಿತ್ತು. ಇವರನ್ನೆಲ್ಲ ಯಾರು ಕರೆದದ್ದು ಅಂತ ಬಿರಾಗೊ ಕೇಳಿದಳು. "ನಾವು ಈ ಗಾಡಿಯ ಪ್ಯಾಸೆಂಜರು," ಅಂತ ಅಜ್ಜ ಹೇಳಿ ಮುಂದಿನ ಸೀಟು ಹತ್ತಿದ. ಬಿರಾಗೊ ದಪ್ಪ ಹೆಂಗಸು, ಕಾಲಿಗೆ ಹೊಸ ಚಪ್ಪಲಿ, ಕಿವಿಗೆ ಬಳೆಯಷ್ಟು ದೊಡ್ಡ ಓಲೆ. ಡ್ರೈವರನ ಬೆನ್ನ ಹಿಂದೆಯೇ ಕೂತಳು. ಕೀ ಮೊದಲೇ ಗಾಡಿಯಲ್ಲಿತ್ತು.

ಆ ಸುತ್ತನ್ನು ಕೆಜೆಟಿಯಾದ ಡ್ರೈವರುಗಳು ಇನ್ನೂ ನೆನೆಸಿಕೊಳ್ಳುತ್ತಾರೆ. ಸಂಜೆಯ ಜಂಗುಳಿ, ತಲೆ ಮೇಲೆ ಟೊಮೇಟೊ ಹೊತ್ತ ಹೆಂಗಸರು, ತಳ್ಳುಗಾಡಿ, ಆಡು, ಎದುರಿಗೆ ಬರುವ ಲಾರಿ. ಅಜೆಕುಮ್ ಒಂದು ಸಲವೂ ಗೇರ್ ಕಡೆ ನೋಡಲಿಲ್ಲ. ಒಂದು ಸಲವೂ ಗೇರಿನ ಹಲ್ಲು ಕಡಿದ ಸದ್ದು ಬರಲಿಲ್ಲ. ಏರುದಾರಿಯಲ್ಲಿ ನಿಲ್ಲಿಸಿ ಹೊರಡಿಸಿದ, ಹಿಂದಕ್ಕೆ ತೆಗೆದ, ಎರಡು ಬಸ್ಸುಗಳ ನಡುವೆ ಒಂದು ಮೊಳ ಜಾಗದಲ್ಲಿ ತೂರಿಸಿದ. ಹಿಂದೆ ಕೂತ ಬಿರಾಗೊ ಸದ್ದಿಲ್ಲದೆ ಅಳುತ್ತಿದ್ದಳು. ನಿಲ್ದಾಣಕ್ಕೆ ಮರಳಿ ಗಾಡಿ ನಿಲ್ಲಿಸಿದಾಗ ಬೇರೆ ಡ್ರೈವರುಗಳೂ ಹಾರ್ನ್ ಹೊಡೆದರು.

ಬಿರಾಗೊ ಇಳಿದು ಕೀ ತೆಗೆದುಕೊಂಡಳು. ನಮ್ಮಲ್ಲಿ ಗಾಡಿ ಒಪ್ಪಿಸುವುದಕ್ಕೆ ಒಂದು ಕ್ರಮ ಇದೆ. ಒಡತಿ ಕೀಯನ್ನು ತನ್ನ ಬಲಗೈಯಿಂದ, ನಾಲ್ಕು ಜನರ ಮುಂದೆ, ಡ್ರೈವರನ ಬಲಗೈಗೆ ಕೊಡಬೇಕು.

"ಅಜೆಕುಮ್, ನಾನು ನಿನ್ನನ್ನ ನಂಬಿರಲಿಲ್ಲಪ್ಪ. ತಪ್ಪಾಯ್ತು," ಅಂದಳು. "ತಗೋ, ನಿನ್ನ ಗಾಡಿ."

ಅಂಗೈಯಲ್ಲಿ ಕೀ ಇಟ್ಟುಕೊಂಡು ಬಲಗೈ ಚಾಚಿದಳು. ಅಜೆಕುಮ್ ಖುಷಿಗೆ ಎಲ್ಲಾ ಮರೆತ. ಎರಡು ವರ್ಷದ ಮೇಲೆ ಮೊದಲ ಸಲ, ಸೆಬೆ ಅನ್ನದೆ, ತಲೆ ಎತ್ತಿಕೊಂಡು ಬಲಗೈ ಮುಂದೆ ಮಾಡಿದ. ಮಾಡುವಾಗ ಎಡಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದ.

ಬೆರಳುಗಳು ಬಿರಾಗೊಳ ಕೈಯನ್ನು ಕೀ ಸಮೇತ ಬಿಗಿಯಾಗಿ ಹಿಡಿದವು. ಮಣಿಕಟ್ಟು ತಿರುಗಿತು. ಫಸ್ಟ್ ಗೇರ್.

"ಅಯ್ಯೋ!" ಅಂದಳು ಬಿರಾಗೊ.

ಸೆಕೆಂಡ್. ಬಿರಾಗೊ ಮುಂದಕ್ಕೆ ಬಗ್ಗಿದಳು. ಥರ್ಡ್. ಅವಳು ಪಕ್ಕಕ್ಕೆ ಸರಿದು ಎದ್ದಳು. ಅಜೆಕುಮ್ "ಬಿಡು, ಬಿಡು" ಅಂತ ತನ್ನ ಕೈಗೆ ತಾನೇ ಬೇಡಿಕೊಳ್ಳುತ್ತಿದ್ದ. ಆದರೆ ಗೇರ್ ಹಾಕುವಾಗ ನಡುವೆ ಬಿಡುವ ಕೆಟ್ಟ ಅಭ್ಯಾಸ ಆ ಕೈಗೆ ಇರಲಿಲ್ಲ.

"ನ್ಯೂಟ್ರಲ್! ನ್ಯೂಟ್ರಲ್ ಮಾಡಣ್ಣಾ!" ಅಂತ ಟಾವಿಯಾ ಕಿರುಚಿದ.

"ಇವಳಲ್ಲಿ ನ್ಯೂಟ್ರಲ್ ಎಲ್ಲಿದೆಯೋ ನನಗೇನು ಗೊತ್ತೋ!"

"ಹಾಗಾದ್ರೆ ಕ್ಲಚ್ಚು! ಕ್ಲಚ್ ಒತ್ತಿ ಬಿಡು!"

ನೆಲ ಒತ್ತಿದರೆ ಕೈ ಹಿಡಿಯುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ; ಬಿಡಬೇಕಾದರೆ ಕಾಲಡಿಯದು ತಗ್ಗಿ ಏಳಬೇಕಿತ್ತು. ಗಾಳಿ ಇಳಿದ ಚೆಂಡಿನಷ್ಟು ಮೆತ್ತಗೆ, ಒತ್ತಿದರೆ ತಗ್ಗುವ ಒಂದು ವಸ್ತು ಬೇಕಿತ್ತು. ಅಜೆಕುಮ್ ಎಡಗಾಲಲ್ಲಿ ಹುಡುಕಿದ. ಸಿಕ್ಕಿತು. ಹೊಸ ಚಪ್ಪಲಿಯೊಳಗಿನ ಬಿರಾಗೊಳ ಬಲಪಾದ. ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದ. ಬಿರಾಗೊ ಕೂಗಿದ ಕೂಗಿಗೆ ಮಾರುಕಟ್ಟೆಯ ಆಚೆ ಬದಿಯ ಆಡುಗಳೆಲ್ಲ ಎದ್ದು ನಿಂತವು. ಕೈ ಅವಳನ್ನು ಸಲೀಸಾಗಿ ರಿವರ್ಸಿಗೆ ಹಾಕಿತು. ಆಮೇಲೆ ಅಜೆಕುಮ್ ಕಾಲೆತ್ತಿದ, ಬೆರಳುಗಳು ಬಿಟ್ಟವು, ಬಿರಾಗೊ ಹಿಂದಕ್ಕೆ ಹೋಗಿ ಟೊಮೇಟೊ ಬುಟ್ಟಿಗಳ ನಡುವೆ ಕೂತಳು.

ನಾಲ್ಕು ಜನ ಸೇರಿ ಎತ್ತಿದರು. ಮಣಿಕಟ್ಟು ಊದಿತ್ತು. ಬೆರಳು ಮಡಚಲು ಆಗುತ್ತಿರಲಿಲ್ಲ.

"ಅಮ್ಮಾ, ಇದು ಗೇರ್ ಅಂದ್ಕೊಂಡ್ತು," ಅಂದ ಅಜೆಕುಮ್. ಅವನ ಕಣ್ಣಲ್ಲಿ ನೀರು. "ಗಾಡಿ ಓಡಿಸೋದ್ರಲ್ಲಿ ಏನೂ ತಪ್ಪಾಗಿಲ್ಲ, ನೀವೇ ನೋಡಿದ್ರಿ."

"ನೋಡ್ದೆ," ಅಂದಳು ಬಿರಾಗೊ, ಹಲ್ಲು ಕಚ್ಚಿಕೊಂಡು. "ನಿನ್ನಂಥ ಡ್ರೈವರ್ ಈ ಊರಲ್ಲೇ ಇಲ್ಲ. ಆದರೆ ಬೆಳಿಗ್ಗೆ ನಾನು ನಿನಗೆ ಕೀ ಕೊಡಬೇಕು, ಸಂಜೆ ನೀನು ನನಗೆ ವಾಪಸ್ ಕೊಡಬೇಕು. ದಿನಕ್ಕೆ ಎರಡು ಸಲ ನಾನು ರಿವರ್ಸಿಗೆ ಹೋಗಕ್ಕಾಗಲ್ಲಪ್ಪ, ನನಗೆ ವಯಸ್ಸಾಯ್ತು."

"ಎಡಗೈಲಿ ಇಸ್ಕೋತೀನಿ ಅಮ್ಮಾ. ಸೆಬೆ ಅಂತ ಹೇಳಿ ಇಸ್ಕೋತೀನಿ."

ಸುತ್ತ ನಿಂತ ಡ್ರೈವರುಗಳು ನಾಲಿಗೆ ಲೊಚಗುಟ್ಟಿದರು. ಬಿರಾಗೊ ತಲೆಯಾಡಿಸಿದಳು. "ಎಡಗೈಲಿ ಕೀ ಬದಲಾದ ಗಾಡಿ ಮನೆಗೆ ವಾಪಸ್ ಬರುತ್ತೇನೋ? ಇಪ್ಪತ್ತು ಜನರ ಜೀವ ಅದರಲ್ಲಿ." ಆಮೇಲೆ ಅತ್ತಿತ್ತ ನೋಡಿದಳು. "ಟಾವಿಯಾ, ನಿನ್ನ ಹತ್ರ ಲೈಸೆನ್ಸ್ ಇದೆ ಅಂತಿದ್ಯಲ್ಲ?"

"ಇದೆ ಅಮ್ಮಾ," ಅಂದ ಟಾವಿಯಾ. ಅಜೆಕುಮ್‌ನ ಮುಖ ನೋಡಲಿಲ್ಲ.

ಬಿರಾಗೊಳ ಬಲಗೈ ಮೇಲಕ್ಕೆ ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಅದಕ್ಕೇ ಕೀಯನ್ನು ಎಡಗೈಗೆ ತೆಗೆದುಕೊಂಡು, "ಸೆಬೆ, ಎಡಗೈ, ಕ್ಷಮಿಸಿ," ಅಂತ ಎಲ್ಲರ ಕಡೆ ನೋಡಿ ಟಾವಿಯಾನಿಗೆ ಕೊಟ್ಟಳು. ಟಾವಿಯಾ ತಲೆ ಬಾಗಿಸಿ ಇಸ್ಕೊಂಡ. ಡ್ರೈವರುಗಳೆಲ್ಲ "ಪಾಪ, ನೋವಾಗಿದೆ, ಏನು ಮಾಡ್ತಾಳೆ" ಅಂದರು. ಯಾರೂ ನಾಲಿಗೆ ಲೊಚಗುಟ್ಟಲಿಲ್ಲ. ಗಾಡಿ ಮನೆಗೆ ವಾಪಸ್ ಬರುತ್ತೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ.

ಬಂದವರೆಲ್ಲ ಅದೇ ಗಾಡಿಯಲ್ಲಿ ಮನೆಗೆ ಹೊರಟೆವು. ಮುಂದಿನ ಸೀಟಲ್ಲಿ ಅಜೆಕುಮ್, ಅವನ ಬಲಕ್ಕೆ ಬಾಗಿಲ ಹತ್ತಿರ ಅಜ್ಜ. ಟಾವಿಯಾನ ಗೇರ್ ಒಂದೊಂದೂ ಕಲ್ಲು ಅರೆದ ಹಾಗೆ ಸದ್ದು ಮಾಡುತ್ತಿತ್ತು. ಪ್ರತಿ ಸದ್ದಿಗೂ ಅಜೆಕುಮ್‌ನ ಎಡಗಾಲು ತಾನಾಗಿ ಒತ್ತುತ್ತಿತ್ತು. ಮೊದಲ ತಿರುವಿನಲ್ಲೇ ಕೈ ಅಜ್ಜನ ಮಂಡಿಯನ್ನು ಹಿಡಿಯಿತು. ಎರಡನೇ ತಿರುವಿನಲ್ಲಿ ಅಜ್ಜನ ಮಂಡಿ ಮೂರನೇ ಗೇರಿಗೆ ಬಂತು.

"ನಿಲ್ಸೋ ಟಾವಿಯಾ! ಇಳಿಸೋ ಇವನನ್ನ! ನನ್ನ ಕಾಲು ಕಳಚಿ ಕೈಗೆ ಬರುತ್ತೆ!"

ಗಾಡಿ ನಿಂತಿತು. ಅಜೆಕುಮ್ ಇಳಿದ. ಮನೆಗೆ ಇನ್ನೂ ಎರಡು ಮೈಲಿ ಇತ್ತು. ಕತ್ತಲಾಗುತ್ತಿತ್ತು, ರಸ್ತೆ ಬದಿಯಲ್ಲಿ ಕೆಂಕಿ ಕಡುಬು ಮಾರುವವರು ದೀಪ ಹಚ್ಚುತ್ತಿದ್ದರು. ಅಜ್ಜ ಮಂಡಿ ತಿಕ್ಕಿಕೊಳ್ಳುತ್ತ, "ಬೇಜಾರು ಮಾಡ್ಕೋಬೇಡ್ವೋ, ಮೂರೇ ತಿಂಗಳು," ಅಂದ. ಗಾಡಿ ಮತ್ತೆ ಕಲ್ಲು ಅರೆಯುತ್ತ ಮುಂದೆ ಸರಿಯಿತು.

ಹಿಂದಿನ ಕಿಟಕಿಯಿಂದ ದುಫಿ ತಲೆ ಹೊರಗೆ ಹಾಕಿದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ, ಬರೀ ಸುಸ್ತು.

"ಬರ್ತಾ ನಾಲ್ಕು ಕೆಂಕಿ ತಗೊಂಡು ಬಾ," ಅಂತ ಕೂಗಿದಳು.

ಕೆಂಕಿಯವಳ ಮುಂದೆ ಯಾವ ಕೈ ಚಾಚಬೇಕು ಅಂತ ಮಾತ್ರ ಹೇಳಲಿಲ್ಲ.